ಹನ್ನೆರಡು ಬುಟ್ಟಿಗಳೂ ಜೇಬಿನ ಚೀಲವೂ



ಕ್ರಿಸ್ತರ ಪರಮ ಪವಿತ್ರ ದೇಹ ಮತ್ತು ರಕ್ತದ ಮಹೋತ್ಸವದಂದು ಮೂರು ವರ್ಷಗಳಿಗೊಮ್ಮೆ ಸಂತ ಲೂಕರ ಶುಭಸಂದೇಶದಿಂದ ಐದು ರೊಟ್ಟಿ ಎರಡು ಮೀನುಗಳ ಅದ್ಭುತವನ್ನು ವಾಚಿಸಲಾಗುತ್ತದೆ. ಐದು ಸಾವಿರ ಜನ ಹೊಟ್ಟೆ ತುಂಬ ಉಂಡ ಮೇಲೆ ಉಳಿದ ತುಂಡುಗಳು ಹನ್ನೆರಡು ಬುಟ್ಟಿ ತುಂಬಿದವು. ರೊಟ್ಟಿ ಹೇಗೆ ಹೆಚ್ಚಿತು ಎಂಬುದರ ಬಗ್ಗೆ ನಾವು ಗುರುಗಳು ಎಷ್ಟೋ ಪ್ರಬೋಧನೆಗಳನ್ನು ಮಾಡಿದ್ದೇವೆ. ಆದರೆ ಒಂದು ಸಣ್ಣ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಊರಿಲ್ಲದ, ಅಂಗಡಿಯಿಲ್ಲದ ಆ ನಿರ್ಜನ ಸ್ಥಳದಲ್ಲಿ ಹನ್ನೆರಡು ಬುಟ್ಟಿಗಳು ಎಲ್ಲಿಂದ ಬಂದವು?

ಬುಟ್ಟಿಗಳು ಜನರ ಕೈಯಲ್ಲೇ ಇದ್ದವು. ನಾಲ್ವರು ಶುಭಸಂದೇಶಕಾರರೂ ಇಲ್ಲಿ ಬಳಸುವ ಗ್ರೀಕ್ ಪದ ‘ಕೋಫಿನೋಸ್’. ಯೆಹೂದ್ಯರು ಪ್ರಯಾಣದಲ್ಲಿ ಜೊತೆಗೊಯ್ಯುತ್ತಿದ್ದ ಕೈಬುಟ್ಟಿ ಅದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ರೋಮಿನ ವಿಡಂಬನ ಕವಿ ಜುವೆನಾಲ್ ಕೂಡ ಯೆಹೂದ್ಯರನ್ನು ಈ ಬುಟ್ಟಿಯ ಹೆಸರು ಹಿಡಿದೇ ಹಂಗಿಸಿದ್ದಾನೆ. ನಾಲ್ಕು ಸಾವಿರ ಜನರಿಗೆ ಉಣಬಡಿಸಿದ ಇನ್ನೊಂದು ಪ್ರಸಂಗದಲ್ಲಿ ಮಾತ್ರ ಪದ ಬೇರೆ, ‘ಸ್ಪುರಿಸ್’. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಪೌಲರನ್ನು ದಮಸ್ಕದ ಗೋಡೆಯಿಂದ ಕೆಳಗಿಳಿಸಿದ್ದು ಅಂಥದರಲ್ಲೇ, ಆದ್ದರಿಂದ ಅದು ಮನುಷ್ಯನೊಬ್ಬ ಕೂರುವಷ್ಟು ದೊಡ್ಡದಿರಬೇಕು. ಗುರುಮಠದಲ್ಲಿ ಈ ಎರಡು ಪದಗಳ ವ್ಯತ್ಯಾಸವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅದು ತರಕಾರಿ ಗಾಡಿಯ ಮುಂದೆ ನೆನಪಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು! ಏನೂ ಹಾಳಾಗದಂತೆ ಉಳಿದದ್ದನ್ನು ಕೂಡಿಸಿರಿ ಎಂಬ ಯೇಸುಸ್ವಾಮಿಯ ಅಪ್ಪಣೆಯನ್ನು ಬರೆದಿಟ್ಟವರು ಸಂತ ಯೊವಾನ್ನರೊಬ್ಬರೇ. ಅಪ್ಪಣೆ ಕೂಡಲೇ ನೆರವೇರಿತು, ಏಕೆಂದರೆ ಹೊರಡುವಾಗಲೇ ಬುಟ್ಟಿ ಕೈಯಲ್ಲಿತ್ತು.

ನಮ್ಮ ಹಿರಿಯರೂ ಹೀಗೆಯೇ ಇದ್ದರು. ಸಂತೆಗೆ ಹೊರಟ ಗಂಡಸಿನ ಹೆಗಲ ಮೇಲಿನ ಟವೆಲ್ಲೇ ಬರುವಾಗ ತರಕಾರಿಯ ಗಂಟಾಗುತ್ತಿತ್ತು. ಅಜ್ಜಿಯರ ಸೊಂಟದ ಎಲೆಅಡಿಕೆ ಸಂಚಿಯಲ್ಲಿ ಎಲೆಗೊಂದು, ಅಡಿಕೆಗೊಂದು, ಚಿಲ್ಲರೆಗೊಂದು ಅಂಕಣ, ಮಡಚಿದರೆ ಅಂಗೈಯಷ್ಟು. ಆಮೇಲೆ ಬಣ್ಣಬಣ್ಣದ ವೈರ್ ಬುಟ್ಟಿ ಬಂತು, ಖಾಕಿ ಬಟ್ಟೆಯ ಮಾರ್ಕೆಟ್ ಚೀಲ ಬಂತು. ಈಗ ಯಲಹಂಕದಿಂದ ಆರ್.ಟಿ. ನಗರದವರೆಗೆ ಯಾವ ಗಾಡಿಯ ಮುಂದೆ ನಿಂತರೂ ಕೇಳುವುದು ಒಂದೇ ಮಾತು: “ಒಂದು ಕವರ್ ಕೊಡಿ.”

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗುಗಳನ್ನು 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ನಿಷೇಧಿಸಲಾಗಿದೆ. ದಪ್ಪ ಎಷ್ಟೇ ಇರಲಿ, ನಿಷೇಧ ನಿಷೇಧವೇ. ಕೇಂದ್ರದ ನಿಯಮಗಳು ಮೈಕ್ರಾನ್ ಲೆಕ್ಕದಲ್ಲಿ ನಡೆದವು. 1999ರಲ್ಲಿ 20 ಮೈಕ್ರಾನ್ ಇದ್ದ ಕನಿಷ್ಠ ದಪ್ಪ 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಆಯಿತು. ಇಷ್ಟೆಲ್ಲ ಆದರೂ ತೆಳು ಕವರ್ ಗಾಡಿಯ ಕೆಳಗಿನ ಗೋಣಿಚೀಲದೊಳಗಿನಿಂದ ಇಂದಿಗೂ ಹೊರಬರುತ್ತದೆ.

ಇದರ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಕೇಳಿದರೆ, ಮೊದಲ ಉತ್ತರ ಗಾಡಿಯ ಹಿಂದೆ ನಿಂತವರು. ಸೊಪ್ಪು ಮಾರುವ ತಾಯಿಯೊಬ್ಬರನ್ನು ವಿಚಾರಿಸಿದೆ. “ಅಣ್ಣಾ, ಕವರ್ ಇಲ್ಲ ಅಂದ್ರೆ ಗಿರಾಕಿ ಪಕ್ಕದ ಗಾಡಿಗೆ ಹೋಗ್ತಾರೆ. ಕೊಟ್ರೆ ನನ್ನ ಲಾಭದಲ್ಲೇ ಹೋಗುತ್ತೆ. ಯಾರಾದ್ರೂ ಹಿಡಿದ್ರೆ ದಂಡವೂ ನಂದೇ” ಎಂದರು. ಹತ್ತು ರೂಪಾಯಿಯ ಕೊತ್ತಂಬರಿಗೆ ಕವರ್ ಕೇಳುವ ನಾವು ಅವರ ದಿನದ ದುಡಿಮೆಯಿಂದ ಪ್ರತಿ ಸಲ ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳುತ್ತಿದ್ದೇವೆ. ನ್ಯಾಯಯುತ ಕೂಲಿಯ ಬಗ್ಗೆ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದಿದವರು ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾರರು.

ಎರಡನೆಯ ಉತ್ತರ ನಮ್ಮ ಉತ್ತರ ಬೆಂಗಳೂರಿನ ಅಂಚಿನ ಹಳ್ಳಿಗಳು. ಯಲಹಂಕದ ಆಚೆ, ಹೆಸರಘಟ್ಟದ ಕಡೆ ಮಾವಳ್ಳಿಪುರ ಎಂಬ ಊರಿದೆ. ವರ್ಷಗಟ್ಟಲೆ ನಗರದ ಕಸ ಅಲ್ಲಿ ಗುಡ್ಡವಾಗಿ ಬೆಳೆಯಿತು. ಕಸದಿಂದ ಒಸರಿದ ಕಪ್ಪು ನೀರು ಅಲ್ಲಿನ ಜಲಮೂಲಗಳಿಗೆ ಸೇರಿತು. ಊರಿನ ಜನ ಹೋರಾಡಿದರು, 2012ರ ಜುಲೈನಲ್ಲಿ ಆ ಗುಡ್ಡಕ್ಕೆ ಕಸ ಸುರಿಯುವುದು ನಿಂತಿತು. ಆಗ ಬೆಂಗಳೂರಿನ ಬೀದಿಗಳೇ ನಾರತೊಡಗಿದ್ದು ಹಲವರಿಗೆ ನೆನಪಿರಬಹುದು. ಕಸ ವಿಂಗಡಣೆ ಕಡ್ಡಾಯವಾದದ್ದು ಅದೇ ವರ್ಷದ ಅಕ್ಟೋಬರ್ 1ರಿಂದ. ಮುಂದೆ ಮಂಡೂರಿನವರು ಎದ್ದರು, 2014ರ ಡಿಸೆಂಬರಿನಲ್ಲಿ ಅದೂ ಮುಚ್ಚಿತು. ಲಾರಿಗಳು ಬೆಳ್ಳಹಳ್ಳಿಯ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಕಡೆ ತಿರುಗಿದವು. ನಾವು ಬಾಗಿಲಾಚೆ ಇಟ್ಟದ್ದು ಇಲ್ಲವಾಗುವುದಿಲ್ಲ, ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ. ಅಲ್ಲಿಯೂ ಬಡವ ಲಾಜರನೇ ಕುಳಿತಿರುತ್ತಾನೆ.

ಕಸದ ರಾಶಿಯಲ್ಲಿ ತೆಳು ಕವರಿನಷ್ಟು ತೊಂದರೆ ಕೊಡುವ ವಸ್ತು ಕಡಿಮೆ. ಅಡುಗೆಮನೆಯ ಹಸಿ ಕಸವನ್ನು ಅದರಲ್ಲಿ ಗಂಟು ಕಟ್ಟಿ ಎಸೆದರೆ ಒಳಗಿನದು ಗೊಬ್ಬರವಾಗುವುದಿಲ್ಲ, ಹೊರಗಿನದು ಮರುಬಳಕೆಗೆ ಬಾರದು. ಒಂದು ಕವರಿನ ತೂಕ ನಾಲ್ಕೈದು ಗ್ರಾಂ ಇದ್ದರೆ ಒಂದು ಕಿಲೋ ಆಗಲು ಇನ್ನೂರಕ್ಕೂ ಹೆಚ್ಚು ಕವರ್ ಆಯಬೇಕು. ಅದಕ್ಕೇ ಚಿಂದಿ ಆಯುವವರು ಬಾಟಲಿ, ರಟ್ಟು ಎತ್ತಿಕೊಂಡು ಕೊಳಕು ಕವರನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆಮೇಲೆ ಹಸು ತಿನ್ನುತ್ತದೆ, ಇಲ್ಲವೇ ಮಳೆ ಬಂದಾಗ ರಾಜಕಾಲುವೆಯ ಬಾಯಿಗೆ ಹೋಗಿ ಕೂರುತ್ತದೆ.

ಇನ್ನು ಕೇಳಿದರೆ ಆಶ್ಚರ್ಯವಾಗುವ ಸಂಗತಿ. ಇಂದಿನ ಬನಿಯನ್ ಆಕಾರದ ಪ್ಲಾಸ್ಟಿಕ್ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಎಂಜಿನಿಯರ್. 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ, ಒಂದೇ ಚೀಲವನ್ನು ಜನ ಮತ್ತೆ ಮತ್ತೆ ಬಳಸಲಿ ಎಂಬುದು ಅವರ ಆಸೆಯಾಗಿತ್ತಂತೆ. ತಂದೆ ಯಾವಾಗಲೂ ಒಂದು ಪ್ಲಾಸ್ಟಿಕ್ ಚೀಲವನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು ಎಂದು ಅವರ ಮಗ 2019ರಲ್ಲಿ ಬಿಬಿಸಿಗೆ ಹೇಳಿದ್ದಾರೆ. ಕವರ್ ಮಾಡಿದಾತನೇ ಅದನ್ನು ಎಸೆಯಲಿಲ್ಲ. ನಾವು ಅವರ ಚೀಲವನ್ನು ಪಡೆದುಕೊಂಡೆವು, ಜೇಬಿನ ಅಭ್ಯಾಸವನ್ನು ಬಿಟ್ಟೆವು.

ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಲ್ಲಿದೆ. ನಮ್ಮ ಮನೆಗಳಲ್ಲಿ ಚೀಲಗಳ ಕೊರತೆ ಇಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ, ಬೀರುವಿನ ಮೇಲೆ, ಚೀಲದೊಳಗೆ ಚೀಲ ತುರುಕಿಟ್ಟಿರುತ್ತೇವೆ. ಆದರೆ ಯಶವಂತಪುರದ ಮಾರುಕಟ್ಟೆಯಲ್ಲಿ ಒಳ್ಳೆಯ ಅವರೆಕಾಯಿ ಕಂಡಾಗ ಚೀಲ ಮನೆಯಲ್ಲಿರುತ್ತದೆ, ನಾವು ಮಾರುಕಟ್ಟೆಯಲ್ಲಿರುತ್ತೇವೆ. ಆದುದರಿಂದ ಚೀಲ ಆರಿಸುವಾಗ ಅಂದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇದು ಸದಾ ನನ್ನ ಜೊತೆಗಿರಬಲ್ಲದೇ? ಮಡಚಿದರೆ ಮುಷ್ಟಿಯಷ್ಟಾಗಿ ಪ್ಯಾಂಟಿನ ಜೇಬಿನಲ್ಲೋ ಹೆಂಗಸರ ಪರ್ಸಿನಲ್ಲೋ ಕೂರುವ ಚೀಲ, ಬೀರುವಿನಲ್ಲಿ ಮಲಗಿರುವ ಹತ್ತು ದಪ್ಪ ಚೀಲಗಳಿಗಿಂತ ಮೇಲು.

ಇಂತಹ ಮಡಚುವ ಚೀಲಗಳು ಹೆಚ್ಚಾಗಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯವು. ಕೊಳ್ಳುವಾಗ ಬಣ್ಣ ನೋಡಬೇಡಿ, ಚೀಲವನ್ನು ಒಳಗಿಂದ ಹೊರಗೆ ತಿರುಗಿಸಿ ಹೊಲಿಗೆ ನೋಡಿ. ಬಟ್ಟೆಯ ಅಂಚು ಎಳೆ ಬಿಟ್ಟುಕೊಂಡಿದ್ದರೆ ನಾಲ್ಕು ತಿಂಗಳಲ್ಲಿ ಬಾಯಿ ಬಿಡುತ್ತದೆ. ಅಂಚನ್ನು ಮಡಚಿ ಎರಡು ಸಾಲು ಹೊಲಿದಿರಬೇಕು. ಹಿಡಿ ಚೀಲಕ್ಕೆ ಸೇರುವ ಜಾಗ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಒಂದೇ ಗೆರೆಯ ಹೊಲಿಗೆ ಸಾಲದು, ಚೌಕ ಹಾಕಿ ಅದರೊಳಗೆ ಅಡ್ಡಡ್ಡ ಗುಣಿಸು ಗುರುತಿನಂತೆ ಹೊಲಿದಿರಬೇಕು. ಹಿಡಿ ಎರಡು ಬೆರಳಿನಷ್ಟಾದರೂ ಅಗಲವಿಲ್ಲದಿದ್ದರೆ ಎರಡು ತೆಂಗಿನಕಾಯಿ, ಮೂರು ಕಿಲೋ ಈರುಳ್ಳಿಗೇ ಬೆರಳು ಕೊಯ್ಯುತ್ತದೆ. ಹೆಗಲಿಗೆ ಹಾಕುವಷ್ಟು ಉದ್ದವಿದ್ದರೆ ಬಸ್ಸಿನಲ್ಲಿ ಒಂದು ಕೈ ಕಂಬಿಗೆ ಸಿಗುತ್ತದೆ. ತಳ ಅಗಲವಾಗಿದ್ದರೆ ಟೊಮೆಟೊ, ಮೊಟ್ಟೆ ಒಂದರ ಮೇಲೊಂದು ಬೀಳುವುದಿಲ್ಲ. ಮಡಚಿಡುವ ಪುಟ್ಟ ಕಿಸೆ ಚೀಲಕ್ಕೇ ಹೊಲಿದಿರಲಿ, ಬೇರೆಯಾಗಿದ್ದರೆ ಎರಡೇ ವಾರದಲ್ಲಿ ಕಳೆದುಹೋಗುತ್ತದೆ.

ಗಟ್ಟಿತನ ಪರೀಕ್ಷಿಸಲು ಮನೆಯಲ್ಲೇ ಉಪಾಯವಿದೆ. ಎರಡು ಲೀಟರಿನ ಐದು ಬಾಟಲಿಗಳಿಗೆ ನೀರು ತುಂಬಿ ಚೀಲಕ್ಕೆ ಹಾಕಿ. ಅದು ಹತ್ತು ಕಿಲೋ. ಬಾಗಿಲ ಚಿಲಕಕ್ಕೆ ಹತ್ತು ನಿಮಿಷ ತೂಗುಹಾಕಿ ಹಿಡಿಯ ಬುಡ ನೋಡಿ. ಹೊಲಿಗೆಯ ತೂತು ದೊಡ್ಡದಾಗಿ ಬೆಳಕು ಕಂಡರೆ ದರ್ಜಿಯ ಬಳಿ ಇನ್ನೆರಡು ಸಾಲು ಹಾಕಿಸಿಕೊಳ್ಳಿ.

ಒಂದು ಮೋಸದ ಬಗ್ಗೆ ಎಚ್ಚರಿಸಬೇಕು. ಬಟ್ಟೆ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ಮದುವೆ ತಾಂಬೂಲದಲ್ಲಿ ‘ಬಟ್ಟೆ ಚೀಲ’ ಎಂದು ಕೊಡುವ ಹಗುರವಾದ ಬಣ್ಣದ ಚೀಲ ಬಟ್ಟೆಯಲ್ಲ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಅಂಟಿಸಿದ ಹಾಳೆ. ಬೆಳಕಿಗೆ ಹಿಡಿದರೆ ಸಾಲುಸಾಲು ಚುಕ್ಕೆಗಳು ಕಾಣುತ್ತವೆ. ಅಂಚಿನಿಂದ ನೂಲು ಎಳೆಯಲು ಹೋದರೆ ನೂಲೇ ಬರುವುದಿಲ್ಲ. ಬಿಸಿಲಲ್ಲಿ ಬಿಟ್ಟರೆ ಕೆಲವು ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದದ್ದನ್ನು ಕೇಂದ್ರದ ನಿಯಮವು 2021ರ ಸೆಪ್ಟೆಂಬರ್ 30ರಿಂದ ತಡೆದಿದೆ. ದಪ್ಪನೆಯದು ಈಗಾಗಲೇ ಮನೆಯಲ್ಲಿದ್ದರೆ ಹರಿಯುವವರೆಗೆ ಬಳಸಿ, ಹೊಸದನ್ನು ಬೇಡವೆನ್ನಿ. ಕಾಗದದ ಚೀಲ ನಮ್ಮ ಜೂನ್ ಮಳೆಗೆ ಬಾಳುವುದಿಲ್ಲ. 2023ರಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗವೊಂದು, ತನ್ನದೇ ಹೆಸರು ಮುದ್ರಿಸಿದ ಕಾಗದದ ಚೀಲಕ್ಕೆ 20 ರೂಪಾಯಿ ಪಡೆದ ನಾಗಸಂದ್ರದ ದೊಡ್ಡ ಮಳಿಗೆಯೊಂದಕ್ಕೆ ಆ ಹಣ ಹಿಂದಿರುಗಿಸಿ ಪರಿಹಾರ ಕೊಡುವಂತೆ ಆದೇಶಿಸಿತು. ನ್ಯಾಯ ಸಿಕ್ಕಿತು, ಸಂತೋಷ. ಆದರೆ ಜೇಬಿನಲ್ಲೊಂದು ಚೀಲವಿದ್ದರೆ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ.

“ಫಾದರ್, ನೈಲಾನ್ ಕೂಡ ಪ್ಲಾಸ್ಟಿಕ್ ತಾನೇ? ಹತ್ತಿಯದೇ ಒಳ್ಳೆಯದಲ್ಲವೇ?” ಎಂದು ಯುವಜನರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ, ಉತ್ತರ ನಾವು ಅಂದುಕೊಂಡಷ್ಟು ಸುಲಭವಲ್ಲ. ಒಂದು ಕಿಲೋ ಹತ್ತಿ ಬೆಳೆದು ಬಟ್ಟೆ ಮಾಡಲು ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಭೂಮಿಯ ತಾಪ ಏರಿಸುವ ಲೆಕ್ಕದಲ್ಲಿ ಒಮ್ಮೆ ಬಳಸಿ ಎಸೆಯುವ ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ ಚೀಲವನ್ನು 3 ಸಲ, ಪಾಲಿಪ್ರೊಪಿಲೀನ್ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು ಎಂದು ಹೇಳಿತು. ಡೆನ್ಮಾರ್ಕಿನ 2018ರ ಅಧ್ಯಯನ ಓಜೋನ್ ಪದರದ ಹಾನಿಯನ್ನೂ ಸೇರಿಸಿ ಹತ್ತಿ ಚೀಲದ ಲೆಕ್ಕವನ್ನು 7,100ಕ್ಕೆ ಏರಿಸಿತು. ಈ ಲೆಕ್ಕಗಳಲ್ಲಿ ಹಸುವಿನ ಹೊಟ್ಟೆಯಾಗಲಿ ಮಾವಳ್ಳಿಪುರದ ನೀರಾಗಲಿ ಬರುವುದಿಲ್ಲ ಎಂಬುದು ನನ್ನ ತಕರಾರು. ಆದರೂ ಅವು ಒಂದು ಸತ್ಯ ಹೇಳುತ್ತವೆ. ವಾರಕ್ಕೊಮ್ಮೆ ಸಂತೆಗೆ ಒಯ್ದರೆ 131 ಸಲವಾಗಲು ಎರಡೂವರೆ ವರ್ಷ ಬೇಕು. ಅಷ್ಟು ಕಾಲ ಬಾಳಿಸುವವರಿಗೆ ಹತ್ತಿ ಚೀಲ ಉತ್ತಮ, ತಿಂಗಳಿಗೊಂದು ಹೊಸದು ತರುವವರಿಗೆ ಯಾವುದೂ ಉತ್ತಮವಲ್ಲ.

ಹೊಸ ಹತ್ತಿ ಬೆಳೆಯುವ ಅಗತ್ಯವೇ ಇಲ್ಲದ ದಾರಿಯೂ ಇದೆ, ಹಳೆಯ ಸೀರೆ. ಮೆತ್ತನೆಯ ಹತ್ತಿ ಸೀರೆಯ ಚೀಲ ನೈಲಾನಿನಷ್ಟೇ ಸಣ್ಣದಾಗಿ ಮಡಚಿಕೊಳ್ಳುತ್ತದೆ, ಕ್ಯಾನ್ವಾಸಿನದು ಹಾಗಾಗುವುದಿಲ್ಲ. ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 115 ಸೆಂಟಿಮೀಟರ್ ಅಗಲ. ಅಗಲದಲ್ಲಿ 45 ಸೆಂಟಿಮೀಟರಿನ ಎರಡು ಪಟ್ಟಿ ಕತ್ತರಿಸಿ, ಪ್ರತಿ ಪಟ್ಟಿಯನ್ನು 90 ಸೆಂಟಿಮೀಟರಿನ ಆರು ತುಂಡು ಮಾಡಿ. ಒಂದೊಂದು ತುಂಡನ್ನು ನಡುವೆ ಮಡಚಿ ಎರಡು ಬದಿ ಹೊಲಿದರೆ ಒಂದೊಂದು ಚೀಲ. ಉಳಿಯುವ 25 ಸೆಂಟಿಮೀಟರಿನ ಪಟ್ಟಿಯನ್ನು ಉದ್ದಕ್ಕೆ ಮೂರಾಗಿ ಸೀಳಿ 65 ಸೆಂಟಿಮೀಟರಿನಂತೆ ಕತ್ತರಿಸಿ, ಮೂರು ಮಡಿಕೆ ಮಾಡಿ ಹೊಲಿದರೆ ಎಲ್ಲ ಚೀಲಗಳಿಗೂ ಹಿಡಿ ಸಿಗುತ್ತದೆ. ಎಷ್ಟು ಚೀಲವಾಯಿತು ಎಂದು ಎಣಿಸಿದ ನಮ್ಮ ಮಹಿಳಾ ಸಂಘದವರು ನನಗಿಂತ ಮೊದಲೇ ಶುಭಸಂದೇಶವನ್ನು ನೆನೆದು ನಕ್ಕರು: ಹನ್ನೆರಡು! ಸೀರೆ ತೀರ ಜೀರ್ಣವಾಗಿದ್ದರೆ ಎರಡು ಪದರ ಹಾಕಿ. ಆಗ ಆರೇ ಆಗುತ್ತದೆ.

ಬಳಕೆಯ ವಿಷಯಕ್ಕೆ ಬಂದರೆ, ಒಬ್ಬರಿಗೆ ಮೂರು ಚೀಲ ಸಾಕು. ಒಂದು ಜೇಬಿನಲ್ಲೋ ಪರ್ಸಿನಲ್ಲೋ, ಒಂದು ಸ್ಕೂಟರಿನ ಡಿಕ್ಕಿಯಲ್ಲಿ, ಇನ್ನೊಂದು ಮೀನು ಮಾಂಸಕ್ಕೆಂದೇ ಬೇರೆ ಬಣ್ಣದ್ದು. ಮೀನಿಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ದರೆ ಇನ್ನೂ ಒಳ್ಳೆಯದು, ಮೊದಲು ಡಬ್ಬಿಯ ತೂಕ ಕಳೆಯಲು ಹೇಳಿ. ಮನೆಗೆ ಬಂದು ಸಾಮಾನು ಇಳಿಸಿದ ಕೂಡಲೇ ಚೀಲ ಒದರಿ, ಮಡಚಿ, ಅದರ ಜಾಗಕ್ಕೆ ಹಿಂದಿರುಗಿಸಬೇಕು. “ಆಮೇಲೆ ಇಟ್ಟರಾಯಿತು” ಎಂದರೆ ಮುಂದಿನ ಸಲ ಮತ್ತೆ “ಕವರ್ ಕೊಡಿ.” ಬಿಲ್ ಹಾಕಿಸುವ ಮೊದಲೇ, ತರಕಾರಿ ತಕ್ಕಡಿಯಲ್ಲಿರುವಾಗಲೇ ಚೀಲ ಬಿಚ್ಚಿ ಹಿಡಿಯಿರಿ. ಗಾಡಿಯವರ ಕೈ ಅಭ್ಯಾಸಬಲದಿಂದ ಕವರಿನ ಕಡೆ ಹೋಗುತ್ತದೆ, ನಾವು ಒಂದು ಕ್ಷಣ ಮುಂದಿರಬೇಕು.

ತೊಳೆಯುವುದನ್ನು ಬಹಳ ಮಂದಿ ಮರೆಯುತ್ತಾರೆ. 2011ರಲ್ಲಿ ಅಮೆರಿಕದ ಸಂಶೋಧಕರು ಕ್ಯಾಲಿಫೋರ್ನಿಯಾ, ಅರಿಜೋನಾದ ಗ್ರಾಹಕರ 84 ಚೀಲಗಳನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲದರಲ್ಲೂ ಬ್ಯಾಕ್ಟೀರಿಯಾಗಳಿದ್ದವು, ನೂರಕ್ಕೆ ಎಂಟರಲ್ಲಿ ಇ-ಕೋಲೈ ಸಿಕ್ಕಿತು. ತೊಳೆದ ಮೇಲೆ 99.9 ಶೇಕಡಾಕ್ಕಿಂತ ಹೆಚ್ಚು ಹೋಯಿತು. ತರಕಾರಿ ಚೀಲವನ್ನು ಹದಿನೈದು ದಿನಕ್ಕೊಮ್ಮೆ, ಮಾಂಸದ ಚೀಲವನ್ನು ಅಂದಂದೇ ಸೋಪು ಹಾಕಿ ತೊಳೆಯಿರಿ. ನೈಲಾನನ್ನು ನೆರಳಲ್ಲೇ ಒಣಗಿಸಿ, ಬಿಸಿಲು ಅದನ್ನು ಬಲಹೀನಗೊಳಿಸುತ್ತದೆ. ಹತ್ತಿಗೆ ಬಿಸಿಲೇ ಒಳ್ಳೆಯದು. ಒದ್ದೆ ಸೊಪ್ಪು ತಂದ ಚೀಲವನ್ನು ಹಾಗೆಯೇ ಮಡಚಿದರೆ ಮರುದಿನ ಬೂಸಲು ವಾಸನೆ ಬರುತ್ತದೆ.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲಾವ್ದಾತೊ ಸಿ’ ವಿಶ್ವಪತ್ರದ 211ನೆಯ ಪರಿಚ್ಛೇದದಲ್ಲಿ ಪ್ಲಾಸ್ಟಿಕ್ ಮತ್ತು ಕಾಗದದ ಬಳಕೆ ತಗ್ಗಿಸುವುದು, ಕಸ ವಿಂಗಡಿಸುವುದು, ಉಣ್ಣುವಷ್ಟೇ ಬೇಯಿಸುವುದು ಮುಂತಾದ ಸಣ್ಣ ಕೆಲಸಗಳನ್ನು ಹೆಸರಿಸಿ ಹೇಳಿದ್ದಾರೆ. ವಿಶ್ವಪತ್ರದಲ್ಲಿ ಅಡುಗೆಮನೆ ಬಂದದ್ದು ನನಗೆ ಬಹಳ ಹಿಡಿಸಿತು. ಆದರೆ ಅದನ್ನು ಪಾಲಿಸುವ ಉತ್ಸಾಹದಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಹೊಸದೊಂದು ಪದ್ಧತಿ ಶುರುವಾಗಿದೆ. ಹಬ್ಬ ಬಂದರೆ, ಜುಬಿಲಿ ಬಂದರೆ, ಸಂತರ ಚಿತ್ರವನ್ನೂ ದಾನಿಗಳ ಹೆಸರನ್ನೂ ಮುದ್ರಿಸಿದ ಚೀಲ ಹಂಚುವುದು. ಪವಿತ್ರ ಚಿತ್ರವಿರುವ ಚೀಲದಲ್ಲಿ ಬಂಗುಡೆ ಮೀನು ತರಲು ಯಾರಿಗೂ ಮನಸ್ಸು ಬಾರದು, ಕಸಕ್ಕೆ ಎಸೆಯಲು ಭಯ. ಹೀಗಾಗಿ ಅದು ಬೀರು ಸೇರಿ ಒಂದು ಸಲವೂ ಸಂತೆ ಕಾಣುವುದಿಲ್ಲ. 131ರ ಲೆಕ್ಕದಲ್ಲಿ ಸೊನ್ನೆ! ದಾನಿಗಳು ಬೇಸರಿಸಬಾರದು, ಅದೇ ಹಣ ವಿನ್ಸೆಂಟ್ ದೆ ಪೌಲ್ ಸಭೆಗೆ ಹೋದರೆ ಒಂದೆರಡು ಬಡ ಕುಟುಂಬಗಳಿಗೆ ದಿನಸಿಯಾಗುತ್ತದೆ.

ಆದುದರಿಂದ ಈ ಮಹೋತ್ಸವಕ್ಕೆ ನಮ್ಮಲ್ಲಿ ಹೊಸ ಚೀಲ ಮುದ್ರಿಸುತ್ತಿಲ್ಲ. ಭಾನುವಾರದ ಬಲಿಪೂಜೆ ಮುಗಿಸಿ ಹೆಚ್ಚಿನವರು ನೇರವಾಗಿ ಕೋಳಿ ಅಂಗಡಿಗೆ, ತರಕಾರಿಗೆ ಹೋಗುವುದರಿಂದ ದೇವಾಲಯದ ಗೇಟಿನ ಬಳಿ ಒಂದು ಮರದ ಪೆಟ್ಟಿಗೆ ಇಡುತ್ತೇವೆ. ಮನೆಯಲ್ಲಿ ಹೆಚ್ಚಾಗಿರುವ ಗಟ್ಟಿ ಚೀಲಗಳನ್ನು ತೊಳೆದು, ಒಣಗಿಸಿ ಅದರಲ್ಲಿ ಹಾಕಬಹುದು. ಚೀಲ ಮರೆತು ಬಂದವರು ಒಂದನ್ನು ಒಯ್ದು ಮುಂದಿನ ಭಾನುವಾರ ಹಿಂದಿರುಗಿಸಬಹುದು. ಲೆಕ್ಕದ ಪುಸ್ತಕವಿಲ್ಲ, ಹೆಸರು ಬರೆಯಬೇಕಿಲ್ಲ. ಹರಿದ ಹಿಡಿಗಳನ್ನು ಮಹಿಳಾ ಸಂಘದವರು ತಿಂಗಳ ಕೊನೆಯ ಶನಿವಾರ ಹೊಲಿದುಕೊಡುವುದಾಗಿ ಒಪ್ಪಿದ್ದಾರೆ. ಮೀನಿನ ಚೀಲವನ್ನು ಮಾತ್ರ ದಯವಿಟ್ಟು ಆ ಪೆಟ್ಟಿಗೆಗೆ ಹಾಕಬೇಡಿ.